ರಾತ್ರಿ ರೈಲಿನ ಲೆಕ್ಕ

ಯುರೋಪಿನ ರೈಲು ಪಾಸು ತೆಗೆದುಕೊಂಡು, ರಾತ್ರಿ ರೈಲುಗಳಲ್ಲಿ ಮಲಗಿ, ಹಗಲಿನಲ್ಲಿ ಊರುಗಳನ್ನು ನೋಡುತ್ತ ಸಾಗುವ ಪ್ರವಾಸದ ಮಾತು ಈಚೆಗೆ ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತಿದೆ. ಮೊದಲೆಲ್ಲ ಅಷ್ಟು ದೂರದ ಪ್ರಯಾಣವೆಂದರೆ ಪ್ರವಾಸ ಸಂಸ್ಥೆಗಳ ತಂಡದೊಡನೆಯೇ ಹೊರಡುವುದು ರೂಢಿಯಾಗಿತ್ತು. ಬಸ್ಸು, ವಸತಿ, ಗೆಡ್ಡೆಗೆಣಸಿಲ್ಲದ ಅಡುಗೆ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಈಗ ಮನೆಯ ಮಕ್ಕಳೇ ಮೊಬೈಲನ್ನು ಕೈಯಲ್ಲಿ ಹಿಡಿದು ಇಡೀ ಖಂಡದ ವೇಳಾಪಟ್ಟಿಯನ್ನು ತೆರೆದಿಡುತ್ತಾರೆ. 2024ರ ಮೇ ತಿಂಗಳಲ್ಲಿ ನಮ್ಮ ಕುಟುಂಬದ ನಾಲ್ವರು ಹೀಗೆ ಹದಿನಾರು ರಾತ್ರಿಗಳ ಪ್ರವಾಸ ಮಾಡಿಬಂದೆವು. ಕಂಡ ಊರುಗಳ ವರ್ಣನೆ ಈ ಬರಹದ ಉದ್ದೇಶವಲ್ಲ. ಅಂಥ ಕಥನಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೊರಡುವ ಮುನ್ನ ಮೂರು ತಿಂಗಳ ಕಾಲ ನಮ್ಮ ಊಟದ ಮೇಜಿನ ಮೇಲೆ ನಡೆದ ಲೆಕ್ಕಾಚಾರವೇ ನನಗೆ ಹೆಚ್ಚು ವಿಚಾರಯೋಗ್ಯವಾಗಿ ಕಂಡಿದೆ.

ಹೊರಟವರು ನಾನು, ನನ್ನ ಪತ್ನಿ, ನನ್ನ ಅಕ್ಕ ಮತ್ತು ಹನ್ನೊಂದು ವರ್ಷದ ಮೊಮ್ಮಗಳು. ಅಕ್ಕನಿಗೆ ಆಗ 72 ವರ್ಷ. ತಾಯಿ ತೀರಿಕೊಂಡ ಬಳಿಕ ನನ್ನನ್ನೂ ತಮ್ಮನನ್ನೂ ಬೆಳೆಸಿದವಳು ಅವಳೇ. ಮೂವತ್ತು ವರ್ಷಗಳಿಂದ ಅನಸ್ತಮಿತ ವ್ರತವನ್ನು ಪಾಲಿಸುತ್ತ ಬಂದಿದ್ದಾಳೆ: ಸೂರ್ಯೋದಯವಾಗಿ ಎರಡು ಘಳಿಗೆ ಕಳೆದ ಮೇಲೆಯೇ ಆಹಾರ, ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲೇ ಸಮಾಪ್ತಿ. ಬೆಳಗ್ಗೆ ಸ್ನಾನ, ಸಾಮಾಯಿಕಗಳಾಗದೆ ಬಾಯಿಗೆ ನೀರನ್ನೂ ಹಾಕಿಕೊಳ್ಳುವುದಿಲ್ಲ. ಮೊಣಕಾಲಿನ ನೋವು ಬೇರೆ. ಇಷ್ಟಾದರೂ, ಯುರೋಪನ್ನು ನೋಡಬೇಕೆಂಬ ಆಸೆಯನ್ನು ಮನೆಯಲ್ಲಿ ಮೊದಲು ಬಾಯಿಬಿಟ್ಟು ಹೇಳಿದವಳೂ ಅವಳೇ.

ಊರುಗಳನ್ನು ಆರಿಸುವಾಗ ನನಗೊಂದು ಸ್ವಾರ್ಥವಿತ್ತು. ಜೈನ ಆಗಮಗಳ ಹಸ್ತಪ್ರತಿಗಳನ್ನು 1870ರ ದಶಕದಲ್ಲಿ ರಾಜಸ್ಥಾನ, ಗುಜರಾತುಗಳಿಂದ ಸಂಗ್ರಹಿಸಿ ಬರ್ಲಿನ್ನಿನ ರಾಜಗ್ರಂಥಾಲಯಕ್ಕೆ ಕಳುಹಿಸಿದವರು ಗೇಯೋರ್ಗ್ ಬ್ಯೂಲರ್. ಜೈಸಲ್ಮೇರಿನ ಭಂಡಾರವನ್ನು ನೋಡಲು ಅವರೊಡನೆ ಹೋಗಿದ್ದ ಯುವಕನೇ ಮುಂದೆ ಹೆಸರಾದ ಹರ್ಮನ್ ಯಾಕೋಬಿ. ಆ ಪ್ರತಿಗಳನ್ನು ಮುಂದಿಟ್ಟುಕೊಂಡು ಆಗಮ ಸಾಹಿತ್ಯದ ವಿಸ್ತಾರವಾದ ಪರಿಚಯವನ್ನು ಬರೆದವರು ಬರ್ಲಿನ್ನಿನ ಆಲ್ಬ್ರೆಕ್ಟ್ ವೇಬರ್. ಬ್ಯೂಲರ್ 1881ರಿಂದ ಕೊನೆಯವರೆಗೂ ವಿಯೆನ್ನಾದಲ್ಲಿ ಪ್ರಾಧ್ಯಾಪಕರಾಗಿದ್ದರು. ಹೀಗಾಗಿ ಬರ್ಲಿನ್ ಮತ್ತು ವಿಯೆನ್ನಾ ನನ್ನ ಪಟ್ಟಿಯಲ್ಲಿ ಮೊದಲೇ ಕುಳಿತಿದ್ದವು. ಅಕ್ಕನ ಪಟ್ಟಿಯಲ್ಲಿದ್ದುದು ಒಂದೇ ಊರು, ಬೆಲ್ಜಿಯಮಿನ ಆಂಟ್‌ವರ್ಪ್. ಅಲ್ಲಿನ ವಜ್ರದ ವ್ಯಾಪಾರಿಗಳಾದ ಗುಜರಾತಿ ಧರ್ಮಬಂಧುಗಳು ವಿಲ್ರೈಕ್ ಎಂಬ ಹೊರವಲಯದಲ್ಲಿ ಅಮೃತಶಿಲೆಯ ಪಾರ್ಶ್ವನಾಥ ಮಂದಿರವನ್ನು ಕಟ್ಟಿಸಿದ್ದಾರೆ. ಮೊದಲು ಅಲ್ಲಿ ದರ್ಶನ, ಆಮೇಲೆ ಎಲ್ಲಿಗಾದರೂ ಸರಿ ಎಂದಳು. ಮೊಮ್ಮಗಳಿಗೆ ನೀರಿನ ಮೇಲೆ ನಿಂತ ವೆನಿಸ್ ಬೇಕಿತ್ತು. ನನ್ನ ಪತ್ನಿಗೆ ಮಾತ್ರ ಯಾವ ಊರಿನ ಹಟವೂ ಇರಲಿಲ್ಲ. ಅವಳು ಎಲ್ಲರ ಔಷಧಿಗಳ ಪಟ್ಟಿಯನ್ನು ಬರೆಯುತ್ತಿದ್ದಳು.

ಪಾಸಿನ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಯುರೋಪಿನಲ್ಲಿ ನೆಲೆಸಿರುವವರಿಗೆ ಇಂಟರ್‌ರೇಲ್, ಹೊರಗಿನಿಂದ ಬರುವವರಿಗೆ ಯುರೇಲ್. ಇಲ್ಲಿ ಮುಖ್ಯವಾದುದು ಪೌರತ್ವವಲ್ಲ, ವಾಸಸ್ಥಳ. ಜರ್ಮನಿಯಲ್ಲಿ ನೆಲೆಸಿರುವ ನಮ್ಮ ಹುಡುಗನು ಭಾರತದ ಪಾಸ್‌ಪೋರ್ಟನ್ನೇ ಹೊಂದಿದ್ದರೂ ಇಂಟರ್‌ರೇಲನ್ನೇ ಕೊಳ್ಳಬೇಕು. ಪಾಸಿನಲ್ಲಿ ಎರಡು ಬಗೆ: ನಿರಂತರವಾಗಿ ಇಂತಿಷ್ಟು ದಿನ ಓಡಾಡುವುದು ಒಂದು, ಒಂದು ಅಥವಾ ಎರಡು ತಿಂಗಳ ಅವಧಿಯಲ್ಲಿ ನಮಗೆ ಬೇಕಾದ ನಾಲ್ಕು, ಐದು, ಏಳು, ಹತ್ತು ಅಥವಾ ಹದಿನೈದು ದಿನಗಳಂದು ಮಾತ್ರ ಪ್ರಯಾಣಿಸುವುದು ಇನ್ನೊಂದು. ಪ್ರಯಾಣದ ದಿನವೆಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ. ರಾತ್ರಿ ರೈಲಿಗೆ ಮಾತ್ರ ಒಂದು ಸೌಲಭ್ಯವುಂಟು. ಹೊರಟ ದಿನವಷ್ಟೇ ಲೆಕ್ಕಕ್ಕೆ ಬರುತ್ತದೆ, ತಲುಪಿದ ದಿನವಲ್ಲ. ಮಧ್ಯರಾತ್ರಿಯ ಬಳಿಕ ನಡುವೆ ರೈಲು ಬದಲಿಸಿದರೆ ಮಾತ್ರ ಎರಡನೆಯ ದಿನವೂ ಖರ್ಚಾಗುತ್ತದೆ. ಅರುವತ್ತು ದಾಟಿದವರಿಗೆ ಶೇಕಡಾ ಹತ್ತರ ರಿಯಾಯಿತಿಯಿದೆ. ನಾಲ್ಕರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಹಿರಿಯರೊಡನೆ ಉಚಿತ. ಆದರೆ ಪಾಸೊಂದಿದ್ದ ಮಾತ್ರಕ್ಕೆ ಮಲಗುವ ಜಾಗ ಸಿಕ್ಕಂತಾಗಲಿಲ್ಲ. ರಾತ್ರಿ ರೈಲಿನ ಹಾಸಿಗೆಯನ್ನು ಬೇರೆಯಾಗಿ ಹಣ ತೆತ್ತು ಕಾಯ್ದಿರಿಸಬೇಕು. ಅದು ಮಗುವಿಗೂ ತಪ್ಪದು.

ಮೊದಲ ಯೋಜನೆಯನ್ನು ಸಿದ್ಧಪಡಿಸಿದವನು ನನ್ನ ತಮ್ಮನ ಮಗ. ಬುದ್ಧಿವಂತ, ಮೇಲಾಗಿ ಉತ್ಸಾಹಿ. ಆಂಟ್‌ವರ್ಪಿನಿಂದ ಬರ್ಲಿನ್, ಬರ್ಲಿನ್ನಿನಿಂದ ಜೂರಿಕ್, ಜೂರಿಕ್‌ನಿಂದ ವಿಯೆನ್ನಾ, ವಿಯೆನ್ನಾದಿಂದ ರೋಮ್, ರೋಮಿನಿಂದ ಮ್ಯೂನಿಕ್, ಐದೂ ರಾತ್ರಿ ರೈಲುಗಳೇ. ಕೊನೆಗೆ ಹಗಲು ರೈಲಿನಲ್ಲಿ ಪ್ಯಾರಿಸ್. ಹಾಳೆಯ ಕೆಳಗೆ ಕೆಂಪು ಅಕ್ಷರದಲ್ಲಿ “ಐದು ರಾತ್ರಿಗಳ ಹೋಟೆಲ್ ಬಾಡಿಗೆ ಉಳಿತಾಯ” ಎಂದು ಬರೆದಿದ್ದ. ಈ ರೈಲುಗಳು ಕಲ್ಪನೆಯವೇನಲ್ಲ. ಆ ವರ್ಷ ಐದೂ ಓಡುತ್ತಿದ್ದವು. ಜರ್ಮನಿಯ ರೈಲ್ವೆಯು ತನ್ನ ರಾತ್ರಿ ರೈಲುಗಳನ್ನು 2016ರ ಡಿಸೆಂಬರಿನಲ್ಲಿ ನಿಲ್ಲಿಸಿದಾಗ ಈ ವ್ಯವಸ್ಥೆಯೇ ಮುಗಿಯಿತೆಂದು ಅನೇಕರು ಭಾವಿಸಿದ್ದರು. ಆಸ್ಟ್ರಿಯದ ರೈಲ್ವೆಯು ಅವುಗಳಲ್ಲಿ ಕೆಲವನ್ನು ವಹಿಸಿಕೊಂಡು ನೈಟ್‌ಜೆಟ್ ಎಂಬ ಹೆಸರಿನಿಂದ ಬೆಳೆಸಿತು. ಯುರೋಪಿಯನ್ ಸ್ಲೀಪರ್ ಎಂಬ ಹೊಸ ಸಂಸ್ಥೆ 2023ರ ಮೇ ತಿಂಗಳಲ್ಲಿ ಬ್ರಸೆಲ್ಸ್‌ನಿಂದ ಬರ್ಲಿನ್ನಿಗೆ ವಾರಕ್ಕೆ ಮೂರು ರಾತ್ರಿ ಓಡುವ ರೈಲನ್ನು ಆರಂಭಿಸಿ, 2024ರ ಮಾರ್ಚಿನಲ್ಲಿ ಅದನ್ನು ಪ್ರಾಗ್‌ವರೆಗೆ ವಿಸ್ತರಿಸಿತು. ಆ ರೈಲು ಆಂಟ್‌ವರ್ಪಿನಲ್ಲಿಯೂ ನಿಲ್ಲುತ್ತಿದ್ದುದು ನಮಗೆ ದೊರೆತ ಅನುಕೂಲ. ಈ ವ್ಯವಸ್ಥೆ ಸ್ಥಿರವೆಂದು ಮಾತ್ರ ಯಾರೂ ನಂಬಬಾರದು. ಪ್ಯಾರಿಸ್ ಮತ್ತು ಬರ್ಲಿನ್ ನಡುವೆ 2023ರ ಡಿಸೆಂಬರಿನಲ್ಲಿ ಸಂಭ್ರಮದಿಂದ ಹೊರಟ ನೈಟ್‌ಜೆಟ್, ಫ್ರೆಂಚ್ ಸರ್ಕಾರದ ಸಹಾಯಧನ ನಿಂತದ್ದರಿಂದ 2025ರ ಡಿಸೆಂಬರಿನಲ್ಲಿ ಕೊನೆಗೊಂಡಿತು. ಯುರೋಪಿನ ವೇಳಾಪಟ್ಟಿ ಪ್ರತಿವರ್ಷ ಡಿಸೆಂಬರ್ ಮಧ್ಯದಲ್ಲಿ ಬದಲಾಗುತ್ತದೆ. ಹಿಂದಿನ ವರ್ಷ ಹೋಗಿಬಂದವರ ಮಾತನ್ನು ಕೇಳಿ ಹಾಸಿಗೆ ಇದೆಯೆಂದು ತಿಳಿಯುವುದು ಸರಿಯಲ್ಲ.

ಆ ಹಾಳೆಯನ್ನು ಅಕ್ಕ ಎರಡು ದಿನ ತನ್ನ ಬಳಿಯಲ್ಲಿಯೇ ಇಟ್ಟುಕೊಂಡಳು. ಮೂರನೆಯ ದಿನ, “ನೀವು ಮೂವರೂ ಹೋಗಿಬನ್ನಿ, ನಾನು ಮನೆ ನೋಡಿಕೊಂಡಿರುತ್ತೇನೆ” ಎಂದಳು. ಕೋಪದಿಂದ ಹೇಳಿದ ಮಾತಲ್ಲ. ಹಾಳೆಯನ್ನು ಓದಿ, ಅದರಲ್ಲಿ ತನಗೆ ಸ್ಥಳವಿಲ್ಲವೆಂದು ತಿಳಿದುಕೊಂಡವಳ ಮಾತು. ಹುಡುಗ ಪೆಚ್ಚಾದ. ಅವನ ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಾಗಿರಲಿಲ್ಲ.

ಎಲ್ಲಿ ಅಡಚಣೆಯಾಯಿತೆಂದು ಕೇಳಿದಾಗ ಅವಳು ತೋರಿಸಿದ್ದು ರಾತ್ರಿಯನ್ನಲ್ಲ, ಬೆಳಗನ್ನು. ರೈಲು ಆರು ಗಂಟೆಗೋ ಏಳು ಗಂಟೆಗೋ ಅಪರಿಚಿತ ಊರಿಗೆ ತಲುಪಿಸುತ್ತದೆ. ಹೋಟೆಲಿನ ಕೋಣೆ ದೊರೆಯುವುದು ಮಧ್ಯಾಹ್ನ ಎರಡು ಅಥವಾ ಮೂರರ ಬಳಿಕ. ಅಷ್ಟರವರೆಗೆ ಸ್ನಾನವೆಲ್ಲಿ? ಸ್ನಾನವಿಲ್ಲದೆ ಸಾಮಾಯಿಕವಿಲ್ಲ, ಸಾಮಾಯಿಕವಿಲ್ಲದೆ ಆಹಾರವಿಲ್ಲ. ತರುಣರು ಪೆಟ್ಟಿಗೆಯನ್ನು ನಿಲ್ದಾಣದ ಲಾಕರಿನಲ್ಲಿಟ್ಟು ಮುಖ ತೊಳೆದು ಊರು ಸುತ್ತಲು ಹೊರಡುತ್ತಾರೆ. ಅವಳು ಮೂರು ಗಂಟೆಯವರೆಗೆ ಬೆಂಚಿನ ಮೇಲೆ ಕುಳಿತಿರಬೇಕು. ಹೀಗೆ ಐದು ಬಾರಿ! ಕೆಂಪು ಅಕ್ಷರದ ಉಳಿತಾಯವನ್ನು ಯಾರ ಖಾತೆಯಿಂದ ತೆಗೆಯಲಾಗಿತ್ತೆಂಬುದು ಆಗ ನಮಗೆ ಕಾಣಿಸಿತು.

ಪರಿಹಾರವನ್ನು ಕಂಡುಕೊಂಡವಳು ನನ್ನ ಪತ್ನಿ. ತಲುಪುವ ಊರಿನಲ್ಲಿ ಕೋಣೆಯನ್ನು ಹಿಂದಿನ ರಾತ್ರಿಯಿಂದಲೇ ಹಿಡಿಯುವುದು. ನಾವು ರೈಲಿನಲ್ಲಿ ಮಲಗಿರುವಾಗ ಕೋಣೆ ನಮ್ಮ ಹೆಸರಿನಲ್ಲಿ ಖಾಲಿಯಿರುತ್ತದೆ; ಬೆಳಗ್ಗೆ ಏಳಕ್ಕೆ ಬಾಗಿಲು ತೆರೆದು ಸ್ನಾನಕ್ಕೆ ಹೋಗಬಹುದು. ಬೆಳಗ್ಗೆ ಬರುತ್ತೇವೆಂದು ಹೋಟೆಲಿಗೆ ಮೊದಲೇ ಬರೆದು ತಿಳಿಸಿರಬೇಕು, ಇಲ್ಲವಾದರೆ ಬರಲಿಲ್ಲವೆಂದು ತಿಳಿದು ಕೋಣೆಯನ್ನು ಬೇರೆಯವರಿಗೆ ಕೊಟ್ಟಾರು. “ಒಂದೇ ರಾತ್ರಿಗೆ ಎರಡು ಬಾಡಿಗೆಯೇ!” ಎಂದು ಹುಡುಗ ನಕ್ಕ. ಅವನು ನಕ್ಕದ್ದು ನ್ಯಾಯವೇ. ಹಾಗೆ ಮಾಡಿದಲ್ಲಿ ರಾತ್ರಿ ರೈಲಿನಿಂದ ಹಣದ ಉಳಿತಾಯ ಏನೂ ಇಲ್ಲ. ಉಳಿಯುವುದು ಒಂದು ಹಗಲು ಮಾತ್ರ. ಆ ಹಗಲಿಗೆ ಬೆಲೆಯುಂಟೇ ಎಂಬ ಪ್ರಶ್ನೆಯನ್ನು ಪ್ರತಿಯೊಂದು ರೈಲಿಗೂ ಬೇರೆಬೇರೆಯಾಗಿ ಹಾಕಿಕೊಂಡೆವು.

ಹಾಗೆ ಕೇಳುತ್ತ ಹೋದಂತೆ ಹಾಳೆ ಚಿಕ್ಕದಾಯಿತು. ಆಂಟ್‌ವರ್ಪಿನಿಂದ ಬರ್ಲಿನ್ನಿಗೆ ನಡುವಿನ ನೆಲ ಬಹುತೇಕ ಸಮತಟ್ಟು. ಕತ್ತಲೆಯಲ್ಲಿ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಅದು ರಾತ್ರಿಗೆ ಉಳಿಯಿತು. ಜೂರಿಕ್ ಮತ್ತು ವಿಯೆನ್ನಾ ನಡುವಣ ದಾರಿಯದು ಬೇರೆ ಮಾತು. 1884ರಲ್ಲಿ ತೆರೆದ ಆರ್ಲ್‌ಬರ್ಗ್ ಸುರಂಗದ ಆಚೀಚೆಗೆ ಆಲ್ಪ್ಸ್ ಪರ್ವತದ ಎದೆಯ ಮೇಲೆಯೇ ರೈಲು ಸಾಗುತ್ತದೆ. ಅದನ್ನು ನಿದ್ದೆಯಲ್ಲಿ ದಾಟುವುದಾದರೆ ಅಲ್ಲಿಗೆ ಹೋಗುವುದೇಕೆ? ಆ ರಾತ್ರಿಯನ್ನು ಹೊಡೆದುಹಾಕಿದೆವು. (ಬ್ಯೂಲರ್ ಅವರ ಕೊನೆಯ ಪ್ರಯಾಣವೂ ವಿಯೆನ್ನಾದಿಂದ ಜೂರಿಕ್‌ಗೆ ಹೊರಟದ್ದೇ. 1898ರ ಏಪ್ರಿಲಿನಲ್ಲಿ ಹೆಂಡತಿ ಮಗನನ್ನು ಕಾಣಲು ಹೊರಟವರು ದಾರಿಯಲ್ಲಿ ಲಿಂಡಾವ್ ಎಂಬಲ್ಲಿ ತಂಗಿ, ಬೋಡನ್‌ಸೇ ಸರೋವರದಲ್ಲಿ ಒಬ್ಬರೇ ದೋಣಿ ನಡೆಸುತ್ತ ಹೋಗಿ ಮುಳುಗಿದರು. ನಮ್ಮ ಆಗಮಗಳನ್ನು ಪಶ್ಚಿಮಕ್ಕೆ ಪರಿಚಯಿಸಿದ ಆ ವಿದ್ವಾಂಸರ ಹೆಸರು ನಮ್ಮ ಶಾಲೆಗಳಲ್ಲಿ ಎಷ್ಟು ಮಕ್ಕಳಿಗೆ ಗೊತ್ತು?)

ವಿಯೆನ್ನಾದಿಂದ ವೆನಿಸಿಗೆ ಹೋಗುವ ರಾತ್ರಿ ರೈಲಿನ ವಿಷಯದಲ್ಲಿ ಮನೆ ಇಬ್ಭಾಗವಾಯಿತು. ಹಗಲು ರೈಲು ಹೋಗುವ ದಾರಿಯಲ್ಲಿ ಸೆಮ್ಮರಿಂಗ್ ಘಟ್ಟವಿದೆ. ಕಾರ್ಲ್ ಫಾನ್ ಗೇಗ ಎಂಬ ಇಂಜಿನಿಯರ್ 1848ರಿಂದ 1854ರವರೆಗೆ ಕಟ್ಟಿಸಿದ, 1998ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ರೈಲುಮಾರ್ಗ ಅದು. ರಾತ್ರಿ ಹೋದರೆ ಅದು ಕಾಣುವುದಿಲ್ಲವೆಂದು ನಾನು ವಾದಿಸಿದೆ. ಆದರೆ ಬೆಳಗ್ಗೆ ಎಂಟೂವರೆಯ ಸುಮಾರಿಗೆ ಆ ರೈಲು ನೀರಿನ ಮೇಲಿನ ಸೇತುವೆಯನ್ನು ದಾಟಿ ವೆನಿಸನ್ನು ಪ್ರವೇಶಿಸುತ್ತದೆಂದು ಮೊಮ್ಮಗಳು ಎಲ್ಲಿಯೋ ಓದಿದ್ದಳು. ಅಕ್ಕ ಅವಳ ಪಕ್ಷ ವಹಿಸಿದಳು. ಸೆಮ್ಮರಿಂಗ್ ನನ್ನ ಪಾಲಿಗೆ ಇಂದಿಗೂ ಚಿತ್ರದಲ್ಲಿಯೇ ಉಳಿದಿದೆ.

ಕೊನೆಗೆ ನಿಂತದ್ದು ಹೀಗೆ: ಆಂಟ್‌ವರ್ಪಿನಲ್ಲಿ ಎರಡು ರಾತ್ರಿ, ಬರ್ಲಿನ್ನಿಗೆ ರಾತ್ರಿ ರೈಲು, ಅಲ್ಲಿ ಮೂರು ರಾತ್ರಿ, ಎಲ್ಬೆ ನದಿಯ ಕಣಿವೆಯಲ್ಲಿ ಹಗಲು ರೈಲಿನಿಂದ ಪ್ರಾಗ್, ಅಲ್ಲಿ ಎರಡು, ಹಗಲಿನಲ್ಲಿಯೇ ವಿಯೆನ್ನಾ, ಅಲ್ಲಿ ನಾಲ್ಕು, ರಾತ್ರಿ ರೈಲಿನಲ್ಲಿ ವೆನಿಸ್, ಎರಡು, ಹಗಲಿನಲ್ಲಿ ಮಿಲಾನ್ ಮಾರ್ಗವಾಗಿ ಜೂರಿಕ್, ಒಂದು. ಪ್ರಯಾಣದ ದಿನಗಳು ಐದು, ರಾತ್ರಿ ರೈಲು ಎರಡು. ರೋಮ್, ಮ್ಯೂನಿಕ್, ಪ್ಯಾರಿಸ್ ಬಿಟ್ಟುಹೋದವು. ಒಂದು ತಿಂಗಳಲ್ಲಿ ಐದು ದಿನದ ಪಾಸು ನಮಗೆ ಸಾಕಾಯಿತು.

ಯೋಜನೆ ಚಿಕ್ಕದಾದದ್ದು ವೀಸಾಕ್ಕೂ ಒದಗಿಬಂತು. ಷೆಂಗೆನ್ ವೀಸಾವನ್ನು ಹೆಚ್ಚು ದಿನ ತಂಗುವ ದೇಶದಿಂದ ಪಡೆಯಬೇಕು. ದಿನಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶದಿಂದ. ನಾವು ಇಳಿದದ್ದು ಬೆಲ್ಜಿಯಮಿನಲ್ಲಾದರೂ ಅರ್ಜಿಯನ್ನು ಹಾಕಿದ್ದು ಆಸ್ಟ್ರಿಯಕ್ಕೆ. ಪ್ರತಿ ರಾತ್ರಿಗೂ ವಸತಿಯ ದಾಖಲೆ ಕೊಡುವಾಗ ರೈಲಿನ ರಾತ್ರಿಗಳಿಗೆ ಹಾಸಿಗೆಯ ಕಾಯ್ದಿರಿಸಿದ ಚೀಟಿಯನ್ನು ಲಗತ್ತಿಸಿದೆವು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಕಡ್ಡಾಯ. ಅರ್ಜಿಯನ್ನು ಆರು ತಿಂಗಳು ಮೊದಲೇ ಕೊಡಬಹುದಾದ್ದರಿಂದ ಕೊನೆಯ ಗಳಿಗೆಯವರೆಗೆ ಕಾಯುವುದು ವಿವೇಕವಲ್ಲ.

ಇನ್ನು ನೀತಿಯ ಮಾತಿಗೆ ಬರುತ್ತೇನೆ. ಇಂಥ ಸಣ್ಣ ಸಂಗತಿಗಳಲ್ಲಿಯೇ ಮನೆಮಂದಿ ಒಬ್ಬರನ್ನೊಬ್ಬರು ನಿಜವಾಗಿ ಅರಿಯುವುದೆಂದು ನನ್ನ ಭಾವನೆ. ಮೊದಲನೆಯದು ಮೊಮ್ಮಗಳ ವಯಸ್ಸು. ಪ್ರವಾಸದ ನಡುವೆಯೇ ಅವಳಿಗೆ ಹನ್ನೆರಡು ತುಂಬುತ್ತಿತ್ತು. ಹನ್ನೆರಡಾದವರು ಹಣ ತೆತ್ತು ಯುವ ಪಾಸನ್ನು ಕೊಳ್ಳಬೇಕು. “ಹುಟ್ಟಿದ ದಿನವನ್ನು ಯಾರು ನೋಡುತ್ತಾರೆ?” ಎಂದರು ಕೆಲವರು. ಅಕ್ಕ ಒಪ್ಪಲಿಲ್ಲ, ನಿಯಮವನ್ನು ಓದಿ ಹೇಳು ಎಂದಳು. ಓದಿದಾಗ, ಪಾಸು ಆರಂಭವಾಗುವ ದಿನದ ವಯಸ್ಸೇ ಪ್ರಮಾಣವೆಂದು ತಿಳಿಯಿತು. ಆರಂಭದ ದಿನ ಅವಳಿಗಿನ್ನೂ ಹನ್ನೊಂದು. ಕೊಡುವವರೇ ಕೊಟ್ಟ ಸೌಲಭ್ಯವಿದು. ಅದನ್ನು ಪಡೆಯುವುದರಲ್ಲಿ ಸಂಕೋಚಕ್ಕೆ ಕಾರಣವಿರಲಿಲ್ಲ.

ಎರಡನೆಯದು ಹಾಗಲ್ಲ. ವಿಯೆನ್ನಾದಲ್ಲಿರುವಾಗ ಒಂದು ದಿನ ಡ್ಯಾನ್ಯೂಬ್ ದಡದ ಮೆಲ್ಕ್ ಎಂಬ ಊರಿಗೆ ಹೋಗಿಬರುವ ಆಸೆ ಹುಟ್ಟಿತು. ಅದು ಆರನೆಯ ಪ್ರಯಾಣದ ದಿನ. ನಮ್ಮಲ್ಲಿದ್ದದ್ದು ಐದೇ. ಈಗ ಪಾಸು ಮೊಬೈಲಿನಲ್ಲಿರುತ್ತದೆ. ರೈಲು ಹತ್ತುವ ಮುನ್ನ ಅಂದಿನ ದಿನವನ್ನು ಸಕ್ರಿಯಗೊಳಿಸಿ, ಹತ್ತುವ ರೈಲನ್ನು ನಮೂದಿಸಬೇಕು. ತಮ್ಮನ ಮಗನ ಗೆಳೆಯನೊಬ್ಬ ಸುಲಭೋಪಾಯವನ್ನು ಹೇಳಿಕೊಟ್ಟಿದ್ದ: ಸಣ್ಣ ರೈಲುಗಳಲ್ಲಿ ದಿನವನ್ನು ಸಕ್ರಿಯಗೊಳಿಸದೆ ಕುಳಿತಿರುವುದು, ಪರೀಕ್ಷಕ ದೂರದಲ್ಲಿ ಕಂಡರೆ ಕೂಡಲೇ ಬೆರಳೊತ್ತುವುದು, ಬಾರದಿದ್ದರೆ ದಿನ ಉಳಿಯಿತು. ಹೀಗೆ ಪ್ರಾಗ್‌ನಿಂದ ವಿಯೆನ್ನಾಕ್ಕೆ ಹೋಗುವ ದಿನವನ್ನು ಉಳಿಸಿ ಮೆಲ್ಕ್‌ಗೆ ಬಳಸಬಹುದೆಂಬುದು ಸಲಹೆ. ಮೇಜಿನ ಸುತ್ತ ಕುಳಿತವರಲ್ಲಿ ಇಬ್ಬರು ನಕ್ಕರು. ಅಕ್ಕ ಕೇಳಿದ್ದು ಒಂದೇ ಮಾತು: “ನೋಡುವವನು ಬಾರದಿದ್ದರೆ ರೈಲು ನಮ್ಮನ್ನು ಹೊತ್ತುಕೊಂಡು ಹೋಗಲಿಲ್ಲವೆಂದು ಅರ್ಥವೇ?”

ತತ್ತ್ವಾರ್ಥಸೂತ್ರವು ಅಚೌರ್ಯ ವ್ರತದ ಅತಿಚಾರಗಳನ್ನು ಎಣಿಸುವಾಗ, ಕದ್ದ ವಸ್ತುವನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಇವುಗಳ ಸಾಲಿನಲ್ಲಿಯೇ ವಿರುದ್ಧರಾಜ್ಯಾತಿಕ್ರಮವನ್ನೂ ಹೇಳುತ್ತದೆ. ರಾಜ್ಯದ ಕಟ್ಟಳೆಯನ್ನು ಮೀರಿ ಲಾಭ ಪಡೆಯುವುದೆಂದು ಅದನ್ನು ಸಾಮಾನ್ಯವಾಗಿ ವಿವರಿಸುತ್ತಾರೆ. ವ್ಯಾಪಾರಿಗಳಿಗೆ ಹೇಳಿದ ಮಾತೆಂದು ನಾವು ಓದಿ ಮುಂದೆ ಹೋಗುತ್ತೇವೆ. ಬೆರಳೊತ್ತುವ ಮುನ್ನ ಕಾಯುವ ಎರಡು ನಿಮಿಷಕ್ಕೂ ಅದು ಅನ್ವಯಿಸುತ್ತದೆಂದು ನನಗೆ ಆ ದಿನದವರೆಗೆ ತೋರಿರಲಿಲ್ಲ. ಮೆಲ್ಕ್‌ಗೆ ನಾವು ಹೋದೆವು, ಬೇರೆ ಟಿಕೆಟು ಕೊಂಡು. ಹೋಗುವಾಗಲೂ ಬರುವಾಗಲೂ ಅದನ್ನು ಕೇಳಿ ನೋಡಿದವರು ಯಾರೂ ಇಲ್ಲ.

ವಿಮಾನಕ್ಕಿಂತ ರೈಲಿನಲ್ಲಿ ಹಿಂಸೆ ಕಡಿಮೆ, ಹೊಗೆ ಕಡಿಮೆ ಎಂದು ಈ ಪ್ರವಾಸವನ್ನು ಹೊಗಳಿದವರುಂಟು. ಮಾತು ನಿಜವೇ. ಆದರೆ ಬೆಂಗಳೂರಿನಿಂದ ಅಷ್ಟು ದೂರ ಹಾರಿಹೋದ ನಾವು ಆ ಹೊಗಳಿಕೆಯನ್ನು ಸ್ವೀಕರಿಸುವುದು ಹೇಗೆ? ಆ ಲೆಕ್ಕವನ್ನು ನಾವು ತೆಗೆಯಲಿಲ್ಲ.

ಪ್ರವಾಸ ಯೋಜನೆಯಂತೆಯೇ ನಡೆಯಿತೆಂದರೆ ಸಾಕು. ಮೇ ತಿಂಗಳ ನಡುವೆ ಆಂಟ್‌ವರ್ಪಿನಲ್ಲಿ ಸೂರ್ಯಾಸ್ತ ಒಂಬತ್ತು ಗಂಟೆ ದಾಟಿದ ಮೇಲೆ. ನಿಲ್ದಾಣದ ಗುಮ್ಮಟದ ಕೆಳಗೆ ಏಳು ಗಂಟೆಯ ಬಿಸಿಲಿನಲ್ಲಿ ಅಕ್ಕ ಅವಲಕ್ಕಿ, ಮೊಸರು ತಿಂದು ಕೈತೊಳೆದಳು. ಅದೇ ವ್ರತವನ್ನು ಡಿಸೆಂಬರಿನಲ್ಲಿ ಪಾಲಿಸುವವರು ಎಚ್ಚರದಿಂದಿರಬೇಕು; ಬರ್ಲಿನ್ನಿನಲ್ಲಿ ಆಗ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಎಂಟರ ಸುಮಾರಿಗೆ ಹತ್ತಿದ ಬೋಗಿ ಆರು ಹಲಗೆಯದು, ಕೂಷೆಟ್ ಎನ್ನುತ್ತಾರೆ. ಹುಬ್ಬಳ್ಳಿಯ ರಾತ್ರಿ ರೈಲಿನಲ್ಲಿ ಮಲಗಿ ಅಭ್ಯಾಸವಿದ್ದವರಿಗೆ ಹೊಸತೇನಲ್ಲ. ಬಾಗಿಲು ಹಾಕಿಕೊಳ್ಳಬಹುದು, ಹೊದಿಕೆ ಕೊಡುತ್ತಾರೆ, ಅಷ್ಟೇ ಹೆಚ್ಚಳ. ಮಧ್ಯದ ಹಲಗೆ ಬಿಡಿಸಿದ ಮೇಲೆ ಕೆಳಗಿನವರು ನೆಟ್ಟಗೆ ಕೂರುವಂತಿಲ್ಲವೆಂಬುದೂ ನಮ್ಮಲ್ಲಿಯಂತೆಯೇ. ನಮ್ಮೊಡನೆ ಇಬ್ಬರು ವಿದ್ಯಾರ್ಥಿಗಳಿದ್ದರು. ಅಕ್ಕನ ಮೊಣಕಾಲನ್ನು ನೋಡಿ ಕೇಳದೆಯೇ ಮೇಲಿನ ಹಲಗೆಗಳಿಗೆ ಏರಿದರು. ವೆನಿಸಿನ ರೈಲಿಗೆ ನಾಲ್ಕು ಹಲಗೆಯ ಇಡೀ ಕೋಣೆಯನ್ನೇ ಕಾಯ್ದಿರಿಸಿದ್ದೆವು. ಹಿರಿಯರೊಡನೆ ಹೋಗುವವರಿಗೆ ನಾನು ಸೂಚಿಸುವುದು ಇದನ್ನೇ. ಬೆಳಗಿನ ಉಪಾಹಾರವೆಂದು ತಂದುಕೊಟ್ಟ ಬ್ರೆಡ್ಡು, ಜಾಮುಗಳನ್ನು ಮೊಮ್ಮಗಳು ತಿಂದಳು. ಅಕ್ಕ ಕಿಟಕಿಯ ಕಡೆಗೆ ಮುಖ ಮಾಡಿ ಜಪದಲ್ಲಿದ್ದಳು, ರೈಲು ಸೇತುವೆಯ ಮೇಲಿತ್ತು.

ಕೊನೆಯ ಹಗಲಿನ ಪ್ರಯಾಣದಲ್ಲಿ ಯಾರೂ ಯೋಜಿಸದ ಒಂದು ಸಂಗತಿ ಒದಗಿತು. ಗೊಟ್ಟಾರ್ಡಿನ ತಳದಲ್ಲಿ ಕೊರೆದ 57 ಕಿಲೋಮೀಟರಿನ ಹೊಸ ಸುರಂಗದಲ್ಲಿ 2023ರ ಆಗಸ್ಟಿನಲ್ಲಿ ಸರಕು ರೈಲೊಂದು ಹಳಿ ತಪ್ಪಿತ್ತು. 2024ರ ಸೆಪ್ಟೆಂಬರಿನಲ್ಲಿ ಅದು ಪೂರ್ಣವಾಗಿ ತೆರೆಯುವವರೆಗೂ ಅನೇಕ ರೈಲುಗಳು ಹಳೆಯ ಪರ್ವತ ಮಾರ್ಗದಲ್ಲಿ ತಡವಾಗಿ ಸಾಗುತ್ತಿದ್ದವು, ನಮ್ಮದೂ ಹಾಗೆಯೇ. ಆ ಇಳಿಜಾರಿನಲ್ಲಿ ಹಳಿ ಬೆಟ್ಟದೊಳಗೆ ಸುತ್ತಿ ಸುತ್ತಿ ಇಳಿಯುವುದರಿಂದ ವಾಸ್ಸೆನ್ ಎಂಬ ಹಳ್ಳಿಯ ಬಿಳಿಯ ಚರ್ಚು ಮೂರು ಬಾರಿ ಕಾಣುತ್ತದೆ, ಮೊದಲು ಕೆಳಗೆ, ಆಮೇಲೆ ನಮ್ಮ ಸಮಕ್ಕೆ, ಕೊನೆಗೆ ತಲೆಯ ಮೇಲೆ. ಮೊಮ್ಮಗಳು ಕೂಗಿ ಎಣಿಸಿದಳು. ಅಕ್ಕ ಎರಡನೆಯ ಬಾರಿಯೇ ಗುರುತು ಹಿಡಿದಿದ್ದಳಂತೆ. ಮಗು ಹೇಳಲೆಂದು ಸುಮ್ಮನಿದ್ದಳು.